ಮಾನೇಸರಿನ ಹದಿಮೂರನೆಯ ಡಬ್ಬಿ

ಹೊರಡುವ ಮೊದಲು

ನಮ್ಮ ಆಫೀಸಿನ ಪ್ರವಾಸದ ಅರ್ಜಿಯಲ್ಲಿ ಎರಡೇ ಕಲಮುಗಳಿವೆ: ‘ಒಳಗೆ’ ಮತ್ತು ‘ಹೊರಗೆ’. ಒಳಗೆ ಅಂದರೆ ಬೆಳಿಗ್ಗೆ ಮೈಸೂರು ಬಿಟ್ಟು ರಾತ್ರಿ ಊಟಕ್ಕೆ ಮನೆ ಸೇರಬಹುದಾದ ಜಾಗ. ಉಳಿದ ಭೂಮಂಡಲವೆಲ್ಲ ಹೊರಗೆ. ಹಿಂದೆ ನಮ್ಮ ಸಹೋದ್ಯೋಗಿಯೊಬ್ಬರು ಜರ್ಮನಿಗೆ ಹೋಗುವಾಗ ಎಲ್ಲಿ ಗುರುತು ಹಾಕಿದ್ದರೋ, ದೆಹಲಿ ಪಕ್ಕದ ಮಾನೇಸರಿಗೆ ಹೊರಟ ನಾನೂ ಅಲ್ಲೇ ಹಾಕಿದೆ. ಆದ್ದರಿಂದ ಕಾಗದಪತ್ರದ ಪ್ರಕಾರ ಇದು ನನ್ನ ವಿದೇಶ ಪ್ರವಾಸ. ಜರ್ಮನಿಯವರು ವಾಪಸು ಬಂದು ಎಲ್ಲರಿಗೂ ಚಾಕೊಲೇಟ್ ಹಂಚಿದ್ದರಂತೆ. ನನಗೂ ಅದನ್ನು ನಾಲ್ಕು ಸಲ ನೆನಪಿಸಿ ಕಳಿಸಿದರು.

ನನ್ನ ಕೆಲಸ ಏನೆಂದು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಕಾರ್ಖಾನೆಗಳು ಈಗ ತಮ್ಮ ಗೋಡೆಯೊಳಗೆ ತಮ್ಮದೇ ಆದ ಮೊಬೈಲ್ ನೆಟ್‌ವರ್ಕ್ ಹಾಕಿಸಿಕೊಳ್ಳುತ್ತಿವೆ. ಹೊರಗಿನ ಟವರಿನ ಸಿಗ್ನಲ್ಲು ತಗಡಿನ ಚಾವಣಿ ದಾಟಿ ಒಳಗೆ ಬರುವುದಿಲ್ಲ, ಬಂದರೂ ನೆಂಟರ ಹಾಗೆ ಬಾಗಿಲ ಬಳಿಯೇ ನಿಂತಿರುತ್ತದೆ. ಅದಕ್ಕೆ ಚಾವಣಿಗೆ ಅಲ್ಲಲ್ಲಿ ರೇಡಿಯೋ ಡಬ್ಬಿಗಳನ್ನು ಕಟ್ಟಬೇಕು. ಎಷ್ಟು ಡಬ್ಬಿ, ಎಲ್ಲೆಲ್ಲಿ, ಒಟ್ಟು ಎಷ್ಟಾಗುತ್ತದೆ ಎಂದು ಬರೆದುಕೊಡುವವಳು ನಾನು. ಇಪ್ಪತ್ತು ವರ್ಷದಿಂದ ಡಬ್ಬಿ ಎಣಿಸುತ್ತಿದ್ದೇನೆ. ಮನೆಯವರಿಗೆ ಇನ್ನೂ ಅರ್ಥವಾಗಿಲ್ಲ.

ಬೆಂಗಳೂರು ವಿಮಾನ ನಿಲ್ದಾಣ

ಅಳತೆಗೆಂದು ಒಂದು ಡಬ್ಬಿ, ಎರಡು ಆಂಟೆನಾ ಮತ್ತು ಒಂದು ಮುಕ್ಕಾಲಿ ಒಯ್ಯುತ್ತಿದ್ದೆ. ತಪಾಸಣೆಯವರು ಪೆಟ್ಟಿಗೆ ತೆಗೆಸಿದರು. ಇದೇನು ಎಂದರು. ಸಿಗ್ನಲ್ ಬಿಡುವ ಡಬ್ಬಿ ಎಂದೆ. ಈ ಉತ್ತರ ಸರಿಯಲ್ಲ ಎಂಬುದು ಅವರ ಮುಖ ನೋಡಿದ ಮೇಲೆ ಗೊತ್ತಾಯಿತು. ಅನುಮತಿ ಪತ್ರ ತೋರಿಸಿದೆ. ಒಬ್ಬರು ಓದಿ ಇನ್ನೊಬ್ಬರಿಗೆ ಕೊಟ್ಟರು, ಅವರು ಓದಿ ಮೂರನೆಯವರನ್ನು ಕರೆದರು. ಮೂರನೆಯವರು ಪತ್ರ ಓದಲೇ ಇಲ್ಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೈಯಲ್ಲಿದ್ದ ಚಕ್ಕುಲಿ ಡಬ್ಬ ನೋಡಿ, “ಹೋಗಲಿ ಬಿಡಿ” ಎಂದರು. ಸರ್ಕಾರದ ಮೊಹರಿಗಿಂತ ಚಕ್ಕುಲಿಗೆ ಬೆಲೆ ಜಾಸ್ತಿ ಎಂಬುದು ನನಗೆ ಸ್ವಲ್ಪ ಬೇಜಾರು ತಂದಿತು.

ಆರ್.ಕೆ.ಪುರಂ, ಶನಿವಾರ

ದೆಹಲಿಯಲ್ಲಿ ಮಂಜು ಬಿದ್ದಿತ್ತು. ಮಂಜು ಎಂದರೆ ಚಾಮುಂಡಿ ಬೆಟ್ಟದ ಮೇಲೆ ಫೋಟೋ ತೆಗೆಸಿಕೊಳ್ಳುವ ಮಂಜಲ್ಲ. ಇದು ಹೊಗೆಯ ಜೊತೆ ಸಂಸಾರ ಹೂಡಿದ ಮಂಜು. ನಾನು ಉಳಿದುಕೊಂಡದ್ದು ಹೈಸ್ಕೂಲ್ ಗೆಳತಿ ಶೈಲಾಳ ಮನೆಯಲ್ಲಿ. ಅವಳ ಗಂಡ ಕೇಂದ್ರ ಸರ್ಕಾರದ ನೌಕರರು, ಮನೆ ಸರ್ಕಾರಿ ಕ್ವಾರ್ಟರ್ಸು. ಬಾಗಿಲು ತೆಗೆದದ್ದು ಹನ್ನೆರಡು ವರ್ಷದ ಮಗಳು ಅನ್ವಿ.

“ಆಂಟಿ, ಅಮ್ಮ ಬಾತ್‌ರೂಮಲ್ಲಿ ಹೈ. ನೀವು ಅಂದರ್ ಬನ್ನಿ, ಬಹುತ್ ಥಂಡಿ ಇದೆ.”

ನಾನು ಅಂದರ್ ಹೋದೆ. ಶೈಲಾ ನಾಲ್ಕು ಸ್ವೆಟರ್ ಹಾಕಿಕೊಂಡು, ಮೇಲೆ ಅರಿಶಿನ ಕುಂಕುಮ ಇಟ್ಟುಕೊಂಡು ಬಂದಳು. “ಮಾನೇಸರಾ? ಅದು ದೆಹಲಿ ಅಲ್ಲ ಕಣೇ, ಹರಿಯಾಣ. ಟ್ಯಾಕ್ಸಿ ಭಯ್ಯಾ ಹತ್ತು ನಿಮಿಷ ಅಂತಾನೆ, ನಂಬಬೇಡ” ಎಂದಳು.

ಮರುದಿನ ಟ್ಯಾಕ್ಸಿ ಭಯ್ಯಾ ಹತ್ತು ನಿಮಿಷ ಎಂದ. ಬರಲು ಹತ್ತು ನಿಮಿಷ, ಹೊರಡಲು ಹತ್ತು ನಿಮಿಷ, ಟೋಲಿನ ಬಳಿ ನಿಂತಾಗ ಇನ್ನೂ ಹತ್ತು ನಿಮಿಷ. ಇವೆಲ್ಲ ಒಂದೇ ಹತ್ತು ನಿಮಿಷ ಎಂದು ಆತ ಪ್ರಾಮಾಣಿಕವಾಗಿ ನಂಬಿದ್ದ. ನಮ್ಮಲ್ಲಿ ಆಟೋದವರು ಬರುವುದಿಲ್ಲ ಎಂದು ಮುಖಕ್ಕೆ ಹೇಳಿಬಿಡುತ್ತಾರೆ. ಅದರಲ್ಲಿ ಒಂದು ನೆಮ್ಮದಿಯಿದೆ.

ಮಾನೇಸರ್, ಭಾನುವಾರ

ಕಾರ್ಖಾನೆಯಲ್ಲಿ ಕಾರಿನ ಬಾಗಿಲಿನ ಒಳಭಾಗಗಳನ್ನು ಒತ್ತಿ, ಬಣ್ಣ ಹೊಡೆದು ಕಳಿಸುತ್ತಾರೆ. ಹೊಸದಾಗಿ ಚಾಲಕರಿಲ್ಲದ ತಳ್ಳುಗಾಡಿಗಳನ್ನು ತರಿಸಿದ್ದರು. ಅವು ಸಿಗ್ನಲ್ ಸಿಕ್ಕರೆ ಓಡುತ್ತವೆ, ತಪ್ಪಿದರೆ ನಿಂತಲ್ಲೇ ನಿಲ್ಲುತ್ತವೆ. ಜೊತೆಗೆ ಪ್ರತಿ ಕೆಲಸಗಾರನ ಕೊರಳಿಗೆ ಒಂದು ಬಿಲ್ಲೆ, ಬಿಲ್ಲೆಯಲ್ಲೊಂದು ಗುಂಡಿ. ಏನಾದರೂ ಆದರೆ ಗುಂಡಿ ಒತ್ತಬೇಕು, ಮೇಲೆ ಕಚೇರಿಯಲ್ಲಿ ಗಂಟೆ ಹೊಡೆಯುತ್ತದೆ. ಎರಡಕ್ಕೂ ನೆಟ್‌ವರ್ಕ್ ಬೇಕು.

ಗೇಟಿನಲ್ಲಿ ಇಬ್ಬರು ಕಾಯುತ್ತಿದ್ದರು. ಒಬ್ಬರು ಸುರಕ್ಷತಾ ಅಧಿಕಾರಿ ತ್ಯಾಗಿ, ಐವತ್ತೈದರ ಭಾರಿ ಆಸಾಮಿ, ಮೀಸೆಯೂ ಹಾಗೇ. ಇನ್ನೊಬ್ಬರು ಅಲ್ಲಿನ ಕಂಪ್ಯೂಟರ್ ವಿಭಾಗದ ಇರ್ಫಾನ್, ಹಾಸನದವರು, ಆರು ವರ್ಷದಿಂದ ಗುರುಗ್ರಾಮದಲ್ಲಿದ್ದಾರೆ. ನನ್ನ ಹಿಂದಿ ಶಾಲೆಯಲ್ಲಿ ಮುಗಿದದ್ದು. ಇರ್ಫಾನ್ ನೆರವಿನಿಂದ ಅರ್ಥಮಾಡಿಕೊಂಡದ್ದನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

“ಮೇಡಂ, ನೀವು ಟೆನ್ಷನ್ ಮತ್ ಲೀಜಿಯೇ… ಅಯ್ಯೋ, ತಗೋಬೇಡಿ” ಎಂದರು ಇರ್ಫಾನ್. “ತ್ಯಾಗಿಜಿ ಎಲ್ಲಾ ವ್ಯವಸ್ಥೆ ಮಾಡಿದ್ದಾರೆ.”

ಮಾಡಿದ್ದರು. ನಾನು ಫೋನಿನಲ್ಲಿ ‘ಎಲ್ಲ ಕಡೆ ನಡೆದಾಡಬೇಕು, ದಾರಿ ಬಿಡಿಸಿಡಿ’ ಎಂದು ಹೇಳಿದ್ದೆ. ಅಷ್ಟಕ್ಕೇ ಆ ಮನುಷ್ಯ ಇಡೀ ಕಾರ್ಖಾನೆಯನ್ನು ಗುಡಿಸಿ ತೊಳೆಸಿ, ನೆಲಕ್ಕೆ ಹಳದಿ ಗೆರೆ ಹೊಸದಾಗಿ ಎಳೆಸಿ, ಅಡ್ಡ ಇದ್ದದ್ದನ್ನೆಲ್ಲ ಹೊರಗೆ ಹಾಕಿಸಿದ್ದರು. ಮದುವೆಗೆ ಮೊದಲಿನ ಕಲ್ಯಾಣ ಮಂಟಪದ ಹಾಗೆ ಕಾಣುತ್ತಿತ್ತು. ನಡುವೆ ಒಂದು ಕುರ್ಚಿ, ಪಕ್ಕದಲ್ಲಿ ಹೀಟರು, ಹೀಟರಿನ ಪಕ್ಕದಲ್ಲಿ ಚಹಾ. ವಾರದ ರಜೆಯ ದಿನ, ಯಂತ್ರಗಳೆಲ್ಲ ನಿಂತಿದ್ದವು. ಇಪ್ಪತ್ತು ವರ್ಷದಲ್ಲಿ ಯಾವ ಕಾರ್ಖಾನೆಯವರೂ ನನಗಾಗಿ ಒಂದು ಬಕೆಟ್ ಕೂಡ ಪಕ್ಕಕ್ಕಿಟ್ಟಿರಲಿಲ್ಲ. ನಾನು ನಿಜಕ್ಕೂ ಕರಗಿಹೋದೆ.

ಮುಕ್ಕಾಲಿ ನಿಲ್ಲಿಸಿ, ಡಬ್ಬಿ ಏರಿಸಿ, ಮೀಟರು ಹಿಡಿದು ನಡೆದೆ. ಒಂದು ತುದಿಯಲ್ಲಿಟ್ಟ ಡಬ್ಬಿಯ ಸಿಗ್ನಲ್ಲು ಇನ್ನೊಂದು ತುದಿಯ ಕಕ್ಕಸಿನವರೆಗೂ ಬಂತು. ಇಂಥ ಅಳತೆಯನ್ನು ನಾನು ಪಾಠಗಳಲ್ಲಿ ಮಾತ್ರ ನೋಡಿದ್ದೆ. ಏಳು ಡಬ್ಬಿ ಸಾಕು ಎಂದು ಲೆಕ್ಕ ಬಿತ್ತು.

ಲೆಕ್ಕ ಇಷ್ಟು ಸಲೀಸಾಗಿ ಬಂದಾಗ ಅನುಮಾನಪಡುವುದು ನನ್ನ ಕೆಲಸ. ಅದಕ್ಕೇ ನನಗೆ ಸಂಬಳ. ಆದರೆ ಚಹಾ ಚೆನ್ನಾಗಿತ್ತು, ಕಾಲು ಬೆಚ್ಚಗಿತ್ತು, ಮಾಲೀಕರು ಬಂದು “ಹೇಳಿ ಮೇಡಂ, ಎಷ್ಟು?” ಎಂದು ಕೇಳಿದರು. ಎಲ್ಲರೂ ಅವರನ್ನು ಬಡೇ ಸಾಹೇಬರು ಎನ್ನುತ್ತಾರೆ. ನಾನು “ಏಳು” ಎಂದುಬಿಟ್ಟೆ. ಸಾಹೇಬರು ನಾಲ್ಕು ಜನಕ್ಕೆ ಫೋನ್ ಮಾಡಿ ಏಳು ಎಂದರು. ಕಾಜು ಕತ್ಲಿಯ ಡಬ್ಬ ತೆರೆದು ಹಂಚಿದರು. ನಾನು ಎರಡು ತಿಂದೆ.

ಮಾನೇಸರ್, ಸೋಮವಾರ

ಮರುದಿನ ಹೋದದ್ದು ಡಬ್ಬಿ ಕಟ್ಟುವ ಜಾಗಗಳ ಫೋಟೋ ತೆಗೆಯಲು. ಬಾಗಿಲಲ್ಲೇ ನಿಂತುಬಿಟ್ಟೆ. ನಿನ್ನೆ ಕಂಡ ಕಾರ್ಖಾನೆ ಅಲ್ಲಿರಲಿಲ್ಲ.

ಬಾಗಿಲಿನ ಭಾಗಗಳನ್ನು ತುಂಬುವ ಉಕ್ಕಿನ ತೊಟ್ಟಿಗಳನ್ನು ಒಂದರ ಮೇಲೊಂದು ನಾಲ್ಕರಂತೆ ಪೇರಿಸಿ, ಸಾಲು ಸಾಲಾಗಿ ಗೋಡೆ ಎಬ್ಬಿಸಿದ್ದರು. ಗೋಡೆಗಳ ನಡುವೆ ಓಣಿ. ಓಣಿಯಲ್ಲಿ ತಳ್ಳುಗಾಡಿ ಓಡಬೇಕು. ಉಕ್ಕಿನ ಎದುರು ಸಿಗ್ನಲ್ಲಿನ ಆಟ ನಡೆಯುವುದಿಲ್ಲ.

“ಇವು ನಿನ್ನೆ ಎಲ್ಲಿದ್ದವು?” ಎಂದು ಕೇಳಿದೆ.

“ಹಿತ್ತಲಲ್ಲಿ, ಟಾರ್ಪಾಲಿನ ಕೆಳಗೆ” ಎಂದರು ತ್ಯಾಗಿ, ಮೀಸೆ ಸವರಿಕೊಂಡು. “ಶನಿವಾರ ಎರಡು ಪಾಳಿಯವರನ್ನು ನಿಲ್ಲಿಸಿ ಸಾಗಿಸಿದೆ. ನೀವು ಅಷ್ಟು ದೂರದಿಂದ ಬರ್ತಿದ್ದೀರಿ. ಮೇಹಮಾನರನ್ನು ಕಬ್ಬಿಣದ ಮಧ್ಯೆ ನಡೆಸೋದಾ?”

ಮೈಸೂರಿನಲ್ಲಾಗಿದ್ದರೆ ಯಾರೂ ಏನೂ ಸರಿಸುತ್ತಿರಲಿಲ್ಲ, ನಾನು ಮೊಣಕಾಲು ತರಚಿಕೊಂಡು ಸರಿಯಾದ ಲೆಕ್ಕ ತರುತ್ತಿದ್ದೆ. ಅತಿಥಿ ಸತ್ಕಾರದಿಂದ ಅಳತೆ ಕೆಡಬಹುದೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ತ್ಯಾಗಿಯವರನ್ನು ಬೈಯುವಂತಿರಲಿಲ್ಲ. ತಪ್ಪು ನನ್ನದೇ. ನನಗೆ ನಾಚಿಕೆಯಾಯಿತು, ಎರಡು ಕಾಜು ಕತ್ಲಿಗೂ ಸೇರಿಸಿ.

ಮತ್ತೆ ಮುಕ್ಕಾಲಿ ನಿಲ್ಲಿಸಿದೆ. ಇರ್ಫಾನ್ ಮುಂದೆ ಮುಂದೆ ಹೋಗಿ ಫೋರ್ಕ್‌ಲಿಫ್ಟಿನವರಿಗೆ “ಭಯ್ಯಾ, ಏಕ್ ಮಿನಿಟ್” ಎಂದು ಕೈ ಮುಗಿಯುತ್ತಿದ್ದರು. ಒತ್ತುವ ಯಂತ್ರ ಪ್ರತಿ ಏಟಿಗೂ ನೆಲವನ್ನು ಅಲುಗಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಏಳು ಹೋಗಿ ಹನ್ನೆರಡಾಯಿತು.

ಬಣ್ಣದ ವಿಭಾಗದ ಮೂಲೆಯಲ್ಲಿ ನೆಲಕ್ಕೊಂದು ಕಬ್ಬಿಣದ ಬಾಗಿಲು ಕಂಡಿತು. ಕೆಳಗೆ ಏನಿದೆ ಎಂದು ಕೇಳಿದೆ.

“ಪಂಪ್ ರೂಮ್. ಅಲ್ಲಿ ಯಾರೂ ಹೋಗಲ್ಲ ಮೇಡಂ” ಎಂದರು ಇರ್ಫಾನ್.

ಅವರು ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ತೆರೆದು ಒಂದು ಮಂಕಿ ಟೋಪಿ ಮೇಲೆ ಬಂತು. ಟೋಪಿಯ ಕೆಳಗೆ ಐವತ್ತು ದಾಟಿದ ಒಬ್ಬರು. ಇರ್ಫಾನ್ ನಾಲಿಗೆ ಕಚ್ಚಿಕೊಂಡು, “ಇವರು ಪಂಪ್‌ವಾಲಾ. ಇವರು ಹೋಗ್ತಾರೆ” ಎಂದರು.

ಪಂಪ್ ರೂಮ್

ಹೆಸರು ಕೇಳಿದೆ. ರಾಮ್‌ನಿವಾಸ್ ಎಂದರು. ಅವರ ಹಿಂದೆ ನಾನು, ನನ್ನ ಹಿಂದೆ ಇರ್ಫಾನ್, ಹತ್ತೊಂಬತ್ತು ಕಬ್ಬಿಣದ ಮೆಟ್ಟಿಲು ಇಳಿದೆವು. ಆರನೆಯ ಮೆಟ್ಟಿಲಿಗೆ ಮೀಟರು ಸೊನ್ನೆ ತೋರಿಸಿತು.

ಮೇಲೆ ಬಣ್ಣ ಹೊಡೆದಾಗ ಸುರಿಯುವ ನೀರು ಕೆಳಗೊಂದು ತೊಟ್ಟಿಗೆ ಬರುತ್ತದೆ. ಬಣ್ಣದ ಕೆಸರು ಗಟ್ಟಿಯಾಗದಂತೆ ಅದನ್ನು ಬಾಚಿ ತೆಗೆಯುತ್ತಿರಬೇಕು. ರಾಮ್‌ನಿವಾಸ್ ದಿನವಿಡೀ ಅದನ್ನು ಒಬ್ಬರೇ ಮಾಡುತ್ತಾರೆ. ನೆಲ ಜಾರುತ್ತದೆ. ಕಳೆದ ಚಳಿಗಾಲದಲ್ಲಿ ಜಾರಿ ಬಿದ್ದು ಕಾಲಿನ ಗಿಣ್ಣು ಮುರಿಯಿತಂತೆ. ಕೂಗಿದರಂತೆ. ಮೇಲೆ ಯಂತ್ರದ ಸದ್ದು, ಯಾರಿಗೂ ಕೇಳಿಸಲಿಲ್ಲ.

“ಆಮೇಲೆ?”

“ಚಹಾ ಬಂತು. ನನ್ನ ಲೋಟ ಯಾರೂ ತಗೊಳ್ಳದೆ ಉಳೀತು. ಪಂಪ್‌ವಾಲಾ ಎಲ್ಲಿ ಅಂತ ಹುಡುಕಿಕೊಂಡು ಬಂದರು” ಎಂದರು, ಬೇರೆ ಯಾರದೋ ಸುದ್ದಿ ಹೇಳುವವರ ಹಾಗೆ. “ಚಹಾ ಬಂದದ್ದು ನಾನು ಬಿದ್ದು ಎರಡೂವರೆ ಗಂಟೆ ಆದ ಮೇಲೆ.”

ಆಮೇಲೆ ಅವರೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ಗೋಡೆಗೆ ಒರಗಿಸಿದ್ದ ಕಬ್ಬಿಣದ ಸರಳು ತೋರಿಸಿದರು. ಗಂಟೆಗೊಮ್ಮೆ ಅದರಿಂದ ಪೈಪಿಗೆ ಮೂರು ಏಟು. ಮೇಲೆ ಬಣ್ಣ ಹೊಡೆಯುವವರಿಗೆ ಕೇಳಿಸಿದರೆ ಅವರೂ ಪೈಪಿಗೆ ಮೂರು ಏಟು ಕೊಡಬೇಕು. ಅಂದರೆ ಈ ಕಾರ್ಖಾನೆಗೆ ಆಗಲೇ ಒಂದು ಖಾಸಗಿ ನೆಟ್‌ವರ್ಕ್ ಇತ್ತು. ಯೋಜನೆ, ಜೋಡಣೆ, ನಿರ್ವಹಣೆ ಎಲ್ಲ ರಾಮ್‌ನಿವಾಸ್ ಅವರದೇ. ಯಾರ ಅನುಮತಿಯೂ ಬೇಕಿರಲಿಲ್ಲ.

“ಹೊಡೆದು ತೋರಿಸ್ತೀರಾ?” ಎಂದೆ.

ಹೊಡೆದರು. ಮೂವರೂ ಚಾವಣಿ ನೋಡುತ್ತ ನಿಂತೆವು. ಉತ್ತರ ಬರಲಿಲ್ಲ. ಇನ್ನೊಮ್ಮೆ ಹೊಡೆದರು. ಬರಲಿಲ್ಲ.

“ಈಗ ಕಂಪ್ರೆಸರ್ ಓಡ್ತಿದೆ” ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. “ಅದು ನಿಂತಾಗ ಕೇಳಿಸುತ್ತೆ.”

ಅಲ್ಲಿ ನಿಂತಿದ್ದ ಅಷ್ಟು ಹೊತ್ತೂ ನನಗೆ ಭಯವಾಗಿತ್ತು. ಜೊತೆಗೆ ಇಬ್ಬರಿದ್ದರು, ಮೆಟ್ಟಿಲು ಹತ್ತು ಹೆಜ್ಜೆ ದೂರದಲ್ಲಿತ್ತು, ಆದರೂ ಭಯ. ಅವರು ಕೊರಳಿನ ಹೊಸ ಬಿಲ್ಲೆಯನ್ನು ಸ್ವೆಟರಿನೊಳಗಿಂದ ತೆಗೆದು ತೋರಿಸಿದರು. ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ, ಕೆಸರು ತಾಗಬಾರದೆಂದು.

“ಇದು ಯಾವಾಗ ಶುರುವಾಗುತ್ತೆ ಮೇಡಂ? ಇದು ಬಂದರೆ ಇಲ್ಲಿಂದ ಒತ್ತಿದರೂ ಮೇಲೆ ಗೊತ್ತಾಗುತ್ತೆ ಅಂತ ತ್ಯಾಗಿಜಿ ಹೇಳಿದಾರೆ.”

ಕೆಳಗೆ ಒಂದು ಡಬ್ಬಿ ಹಾಕಿದರೆ ಗೊತ್ತಾಗುತ್ತದೆ. ಹಾಕದಿದ್ದರೆ ಅವರ ಕೊರಳಲ್ಲಿರುವುದು ಬರೀ ಪ್ಲಾಸ್ಟಿಕ್ಕು. ತೊಂದರೆಯೆಂದರೆ, ಬಣ್ಣದ ಆವಿ ಇರುವ ಜಾಗಕ್ಕೆ ಕಿಡಿ ಹಾರದಂಥ ವಿಶೇಷ ಡಬ್ಬಿ ಬೇಕು. ಕಾಂಕ್ರೀಟು ಕೊರೆದು ತಂತಿ ಇಳಿಸಬೇಕು. ಮೇಲಿನ ಮೂರು ಡಬ್ಬಿಗಿಂತ ಕೆಳಗಿನ ಒಂದಕ್ಕೇ ಹೆಚ್ಚು ಖರ್ಚು. ಮೆಟ್ಟಿಲು ಹತ್ತುತ್ತ ಹದಿಮೂರು ಎಂದು ಬರೆದುಕೊಂಡೆ.

ಮಾನೇಸರ್, ಮಂಗಳವಾರ

ಸಭೆಯಲ್ಲಿ ನಾಲ್ಕು ಜನ: ಬಡೇ ಸಾಹೇಬರು, ತ್ಯಾಗಿ, ಇರ್ಫಾನ್, ನಾನು. ಸಾಹೇಬರು ಒಳ್ಳೆಯ ಶಾಲು ಹೊದ್ದು, ಶಾಯಿ ಪೆನ್ನು ಹಿಡಿದು ಕೂತಿದ್ದರು. ನನ್ನ ಹಾಳೆಯ ಕೊನೆಯ ಸಾಲನ್ನು ಮೊದಲು ಓದಿದರು. ಎಲ್ಲ ದೇಶದ ಮಾಲೀಕರೂ ಹಾಗೇ ಓದುತ್ತಾರೆ.

“ಭಾನುವಾರ ಏಳು. ಮಂಗಳವಾರ ಹದಿಮೂರು. ನೀವು ಶನಿವಾರದವರೆಗೆ ಇದ್ದರೆ ಎಷ್ಟಾಗುತ್ತೆ ಮೇಡಂ?”

ನಾನು ತಪ್ಪೊಪ್ಪಿಕೊಂಡೆ. ತೊಟ್ಟಿಗಳ ಕಥೆ ಹೇಳಿದೆ. ತ್ಯಾಗಿಯವರು ಕಿಟಕಿಯ ಹೊರಗಿನ ಮಂಜನ್ನು ನೋಡತೊಡಗಿದರು. ಓಣಿಯಲ್ಲಿ ಸಿಗ್ನಲ್ ತಪ್ಪಿದರೆ ತಳ್ಳುಗಾಡಿ ನಿಲ್ಲುತ್ತದೆ, ಅದರ ಹಿಂದಿನದೂ ನಿಲ್ಲುತ್ತದೆ, ಆಮೇಲೆ ಲೈನೇ ನಿಲ್ಲುತ್ತದೆ ಎಂದೆ. ಲೈನ್ ನಿಲ್ಲುವ ಮಾತು ಸಾಹೇಬರಿಗೆ ತಕ್ಷಣ ತಲುಪಿತು. ಹನ್ನೆರಡಕ್ಕೆ ಒಪ್ಪಿದರು.

“ಈ ಹದಿಮೂರನೆಯದು? ಪಂಪ್ ರೂಮಿಗೆ ಎಷ್ಟು ತಳ್ಳುಗಾಡಿ ಹೋಗುತ್ತೆ?”

“ಒಂದೂ ಇಲ್ಲ.”

“ಎಷ್ಟು ಜನ?”

“ಒಬ್ಬರು.”

“ಹಾಗಾದರೆ ಹೊಡೆದುಹಾಕಿ. ಮುಂದಿನ ವರ್ಷ ನೋಡೋಣ.”

ಮನುಷ್ಯ ಕೆಟ್ಟವರಲ್ಲ. ಬೆಳಿಗ್ಗೆ ಬಂದ ತಕ್ಷಣ ನನ್ನ ಕೆಮ್ಮಿಗೆ ಶುಂಠಿ ಕಷಾಯ ಮಾಡಿಸಿ ಕೊಟ್ಟಿದ್ದರು. ಆದರೂ ಆ ‘ಹೊಡೆದುಹಾಕಿ’ ಎಂಬ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಉರಿದರೂ ವಾದ ಮಾಡಲಿಲ್ಲ. ನಮ್ಮ ಆಫೀಸಿನ ಪದ್ಧತಿಯ ಪ್ರಕಾರ ಚೀಲದಿಂದ ಇನ್ನೊಂದು ಹಾಳೆ ತೆಗೆದೆ.

ನಮ್ಮ ಆಫೀಸಿನ ಯಜಮಾನರು ದೂರವಾಣಿ ಇಲಾಖೆಯಿಂದ ನಿವೃತ್ತರಾಗಿ ಈ ಕಂಪನಿ ಶುರುಮಾಡಿದವರು. ಅವರದೊಂದು ಹಟ. ಗಿರಾಕಿ ಯಾವ ಜಾಗವನ್ನು ಲೆಕ್ಕದಿಂದ ಬಿಡಿಸುತ್ತಾರೋ ಆ ಜಾಗಕ್ಕೊಂದು ಹಾಳೆ. ಅದರಲ್ಲಿ ಅಲ್ಲಿ ಕೆಲಸ ಮಾಡುವವರ ಹೆಸರನ್ನು ಗಿರಾಕಿಯೇ ಕೈಯಾರೆ ಬರೆಯಬೇಕು. ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು ಅಚ್ಚಾಗಿದೆ: ‘ಇವರು ಕರೆದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ನನಗೆ ಗೊತ್ತಿದೆ.’ ಅದರ ಕೆಳಗೆ ಸಹಿ. ಸಹಿಯಿಲ್ಲದೆ ಹಾಳೆ ವಾಪಸು ಬಂದರೆ ಡಬ್ಬಿ ಲೆಕ್ಕದಲ್ಲೇ ಉಳಿಯುತ್ತದೆ. ಇದರಿಂದ ನಾವು ಎರಡು ಮೂರು ಗಿರಾಕಿಗಳನ್ನು ಕಳೆದುಕೊಂಡಿದ್ದೇವೆ. ಯಜಮಾನರು ಹೋಗಲಿ ಬಿಡಿ ಎನ್ನುತ್ತಾರೆ.

ಸಾಹೇಬರು ಕಾಗದದ ಕೆಲಸಕ್ಕೆ ಹೆದರುವವರಲ್ಲ. ಪೆನ್ನಿನ ಮುಚ್ಚಳ ತೆಗೆದರು. “ಹೆಸರೇನು ಆ ಪಂಪ್‌ವಾಲಾದು?”

ತ್ಯಾಗಿಯವರಿಗೆ ಗೊತ್ತಿರಲಿಲ್ಲ. ಇರ್ಫಾನ್ ನನ್ನನ್ನು ನೋಡಿದರು.

“ರಾಮ್‌ನಿವಾಸ್” ಎಂದೆ.

ಸಾಹೇಬರು ಹಿಂದಿಯಲ್ಲಿ, ದುಂಡಗೆ, ಚೆಂದದ ಅಕ್ಷರದಲ್ಲಿ ಬರೆದರು. ಆಮೇಲೆ ಕೆಳಗಿನ ಸಾಲು ಓದಿದರು. ಪೆನ್ನು ಗಾಳಿಯಲ್ಲಿ ನಿಂತಿತು. ಮತ್ತೊಮ್ಮೆ ಓದಿದರು. ಹಾಳೆಯನ್ನು ತ್ಯಾಗಿಯವರ ಕಡೆ ಸರಿಸಿ, “ಸುರಕ್ಷತೆ ನಿಮ್ಮ ವಿಭಾಗ” ಎಂದರು.

ತ್ಯಾಗಿಯವರು ಕನ್ನಡಕ ಹುಡುಕಿದರು. ಕನ್ನಡಕ ಮೂಗಿನ ಮೇಲೇ ಇತ್ತು. ಓದಿ, ಕೆಮ್ಮಿ, “ನೆಟ್‌ವರ್ಕ್ ಅಂದರೆ ಕಂಪ್ಯೂಟರ್ ವಿಭಾಗ ಅಲ್ಲವಾ ಸಾಹೇಬ್?” ಎಂದು ಇರ್ಫಾನ್ ಕಡೆ ಸರಿಸಿದರು.

ಇರ್ಫಾನ್ ಹಾಳೆಯನ್ನು ಮುಟ್ಟಲಿಲ್ಲ. “ನಾನು ಹಾಕಲ್ಲ ಸರ್. ನಿನ್ನೆ ನಾನು ಕೆಳಗೆ ಹೋಗಿದ್ದೆ” ಎಂದರು.

ಹಾಳೆ ಮೇಜಿನ ನಡುವೆ ಇತ್ತು. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ, ಶಾಲು ಸರಿಮಾಡಿಕೊಂಡು, “ಹೋ ಜಾಯೇಗಾ. ಹದಿಮೂರು ಇರಲಿ” ಎಂದರು. ಹಾಳೆಯನ್ನು ಬೆರಳ ತುದಿಯಿಂದ ನನ್ನ ಕಡೆ ತಳ್ಳಿದರು. ಲೆಕ್ಕದ ಪತ್ರಕ್ಕೆ ಅಲ್ಲೇ ಸಹಿ ಬಿತ್ತು. ನಾನು ಮೇಜಿನ ಕೆಳಗೆ ಕೈ ಬಿಗಿಹಿಡಿದುಕೊಂಡಿದ್ದೆ, ಸಂತೋಷ ಮುಖದಲ್ಲಿ ಕಾಣಬಾರದೆಂದು.

ವಿಮಾನಕ್ಕೆ ಇನ್ನೂ ಹೊತ್ತಿತ್ತು. ಇರ್ಫಾನ್ “ಚಲೋ ಮೇಡಂ, ಒಂದು ಮಾತು ಹೇಳಿ ಹೋಗೋಣ” ಎಂದರು. ಕೆಳಗಿಳಿದೆವು. ರಾಮ್‌ನಿವಾಸ್ ಬಾಚುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡರು. ನಿಮ್ಮ ಡಬ್ಬಿ ಬರುತ್ತದೆ ಎಂದೆವು.

“ಸಾಹೇಬರು ಸಹಿ ಹಾಕಿದ್ರಾ?” ಎಂದು ಕೇಳಿದರು.

ನಾನು ಹಾಳೆ ತೆಗೆದು ತೋರಿಸಿದೆ. “ಹಾಕಲಿಲ್ಲ.”

ಅವರ ಮುಖ ಬಿದ್ದುಹೋಯಿತು. ಆ ಕಾರ್ಖಾನೆಯಲ್ಲಿ ಒಂದು ಜೊತೆ ಬೂಟು ಬರಬೇಕಾದರೂ ಸಹಿಯಾಗಬೇಕು. ಈ ಕಾಗದಕ್ಕೆ ಸಹಿ ಆಗದಿರುವುದೇ ಒಳ್ಳೆಯದು ಎಂದು ಇರ್ಫಾನ್ ಎರಡು ಭಾಷೆಯಲ್ಲಿ ವಿವರಿಸಿದರು, ಕೈ ಆಡಿಸಿ ತೋರಿಸಿದರು. ರಾಮ್‌ನಿವಾಸ್ ಮರ್ಯಾದೆಗೆ ತಲೆಯಾಡಿಸಿದರು. ನಂಬಿದ ಹಾಗೆ ಕಾಣಲಿಲ್ಲ. ಅವರ ಕಣ್ಣು ಹಾಳೆಯ ಮೇಲೇ ಇತ್ತು.

“ಇದು ಯಾರ ಅಕ್ಷರ?”

“ಬಡೇ ಸಾಹೇಬರದು.”

ಹಾಳೆಯನ್ನು ಬಲ್ಬಿನ ಹತ್ತಿರ ಹಿಡಿದು ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಓದಿದರು. ಓದಿ ಮುಗಿದ ಮೇಲೂ ಕೊಡಲಿಲ್ಲ.

“ಹನ್ನೊಂದು ವರ್ಷ ಆಯ್ತು ಮೇಡಂ, ಎಲ್ಲರೂ ಪಂಪ್‌ವಾಲಾ ಅಂತಾರೆ” ಎಂದರು. “ಸಾಹೇಬರಿಗೆ ನನ್ನ ಹೆಸರು ಗೊತ್ತಿತ್ತು ಅಂತ ನನಗೇ ಗೊತ್ತಿರಲಿಲ್ಲ.”

ಇರ್ಫಾನ್ ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.